ನ್ಯಾಸವಿಟ್ಟ ಆಯುಧ

ವಾಲ್ಮೀಕಿ ರಾಮಾಯಣದ ಅರಣ್ಯಕಾಂಡದಲ್ಲಿ ಸೀತಾದೇವಿಯು ಶ್ರೀರಾಮನಿಗೆ ಹೇಳುವ ಪುಟ್ಟ ಕಥೆಯೊಂದಿದೆ. ಪುಣ್ಯವನದಲ್ಲಿ ಸತ್ಯಶೀಲನಾದ ತಪಸ್ವಿಯೊಬ್ಬನಿದ್ದನು. ಅವನ ತಪಸ್ಸಿಗೆ ವಿಘ್ನವನ್ನು ತರಬೇಕೆಂದು ಬಯಸಿದ ಇಂದ್ರನು ಭಟನ ವೇಷದಿಂದ ಬಂದು, ಹರಿತವಾದ ಖಡ್ಗವೊಂದನ್ನು ಅವನಲ್ಲಿ ನ್ಯಾಸವಾಗಿರಿಸಿ ಹೊರಟುಹೋದನು. ನಂಬಿ ಕೊಟ್ಟ ವಸ್ತು ತನ್ನ ಕೈಯಿಂದ ಕಳೆದುಹೋಗಬಾರದೆಂದು ತಪಸ್ವಿಯು ಹಣ್ಣುಹಂಪಲನ್ನು ತರಲು ಹೋಗುವಾಗಲೂ ಅದನ್ನು ಹಿಡಿದೇ ಹೋಗುತ್ತಿದ್ದನು. ದಿನವೂ ಕೈಯಲ್ಲಿದ್ದ ಆಯುಧವು ಮೆಲ್ಲಮೆಲ್ಲನೆ ಮನಸ್ಸನ್ನೂ ಸೇರಿತು. ತಪಸ್ಸು ಕರಗಿತು; ಕ್ರೌರ್ಯವು ಬೆಳೆಯಿತು; ಕೊನೆಗೆ ನರಕವೇ ಗತಿಯಾಯಿತು.

ಈ ಕಥೆಯನ್ನು ನೀತಿಬೋಧೆಯೆಂದು ಓದುವುದು ವಾಡಿಕೆ. ಆದರೆ ಇದರೊಳಗೆ ವ್ಯವಹಾರಶಾಸ್ತ್ರದ ಪ್ರಶ್ನೆಯೊಂದು ಅಡಗಿದೆ. ಖಡ್ಗವು ತಪಸ್ವಿಯದಲ್ಲ, ಅವನು ಅದನ್ನು ಬಯಸಿದವನೂ ಅಲ್ಲ. ಪರರ ಆಯುಧವನ್ನು ಕೆಲವು ಕಾಲ ಕಾದಿರಿಸಿದ್ದಷ್ಟೇ ಅವನು ಮಾಡಿದ ಕೆಲಸ. ಹಾಗೆ ಇಟ್ಟುಕೊಳ್ಳುವವನ ಹೊಣೆ ಎಲ್ಲಿಂದ ಎಲ್ಲಿಯವರೆಗೆ?

ಇದು ಪುರಾಣದ ಮಾತಾಗಿ ಮಾತ್ರ ಉಳಿದಿಲ್ಲ. ನಮ್ಮ ಗಡಿನಾಡಿನ ಅಡಿಕೆ ತೋಟಗಳ ನಡುವೆ ಶಾಲೆ ನಡೆಸುವ ಅಧ್ಯಾಪಕರೊಬ್ಬರ ಮನೆಗೆ ನೆರೆಯ ಕೃಷಿಕರು ಒಂದು ಸಂಜೆ ಬಂದರು. "ಮಾಷ್ಟ್ರೇ, ತಿಂಗಳ ಮಟ್ಟಿಗೆ ಮಗಳ ಮನೆಗೆ ಹೊರಟಿದ್ದೇವೆ. ಬೀಗ ಹಾಕಿದ ಮನೆಯಲ್ಲಿ ಕೋವಿಯನ್ನು ಬಿಟ್ಟುಹೋಗಲು ಧೈರ್ಯವಿಲ್ಲ. ನಿಮ್ಮ ಕಪಾಟಿನಲ್ಲಿ ಇರಲಿ" ಎಂದರು. ಕೋವಿಗೆ ಸಕ್ರಮವಾದ ಪರವಾನಗಿಯಿತ್ತು. ಬಂದವರು ಮೂವತ್ತು ವರ್ಷಗಳ ಪರಿಚಿತರು. ಮಾಷ್ಟ್ರು ಏನು ಹೇಳಬೇಕಾಗಿತ್ತು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟರೆ ಸಾವಿರ ವರ್ಷಗಳ ಇತಿಹಾಸವನ್ನು ದಾಟಿ ಬರಬೇಕಾಗುತ್ತದೆ.

ನಮ್ಮ ಪ್ರಾಚೀನರು ಇಟ್ಟ ವಸ್ತುವಿನ ವ್ಯವಹಾರವನ್ನು ಬಹು ಗೌರವದಿಂದ ಕಂಡರು. ಮನುಸ್ಮೃತಿಯು ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವೂ ಒಂದು. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಇದಕ್ಕೆ ಪ್ರತ್ಯೇಕ ಪ್ರಕರಣವೇ ಇದೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ಮಹಾವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವಾಗಿರುವ ಕಲ್ಯಾಣದಲ್ಲಿ ಬಾಳಿದವನು. ಭಾರತದ ಬಹುಭಾಗಕ್ಕೆ ಶತಮಾನಗಳ ಕಾಲ ದಾಯಭಾಗದ ನ್ಯಾಯವನ್ನು ಹೇಳಿಕೊಟ್ಟ ಗ್ರಂಥವು ಕನ್ನಡನಾಡಿನ ರಾಜಧಾನಿಯೊಂದರಲ್ಲಿ ಹುಟ್ಟಿತೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದ ಸಂಗತಿ.

ಈ ಶಾಸ್ತ್ರಕಾರರು ಇಟ್ಟ ವಸ್ತುಗಳಲ್ಲಿ ಭೇದವನ್ನು ಮಾಡಿದರು. ತೋರಿಸಿ, ಎಣಿಸಿ ಕೊಟ್ಟದ್ದು ನಿಕ್ಷೇಪ. ಒಳಗೇನಿದೆಯೆಂದು ಹೇಳದೆ ಪೆಟ್ಟಿಗೆಯಲ್ಲಿಟ್ಟು ಮುದ್ರೆಯೊತ್ತಿ ಕೊಟ್ಟದ್ದು ಉಪನಿಧಿ. ಮನೆಯ ಯಜಮಾನನಿಲ್ಲದಾಗ ಅವನಿಗೆ ಕೊಡಿರೆಂದು ಮನೆಯವರ ಕೈಯಲ್ಲಿ ಇರಿಸಿದ್ದು ನ್ಯಾಸ. ಇವೆಲ್ಲಕ್ಕೂ ಮೂಲನಿಯಮ ಒಂದೇ: ಹೇಗೆ ಬಂದಿತೋ ಹಾಗೆಯೇ ಹಿಂದಕ್ಕೆ ಹೋಗಬೇಕು. ರಾಜನಿಂದಾಗಲಿ, ದೈವದಿಂದಾಗಲಿ, ಕಳ್ಳರಿಂದಾಗಲಿ ವಸ್ತುವು ನಷ್ಟವಾದರೆ ಇಟ್ಟುಕೊಂಡವನು ಹೊಣೆಯಲ್ಲ. ಆದರೆ ಒಡೆಯನು ಕೇಳಿದಾಗ ಕೊಡದೆ ಆಮೇಲೆ ಅದು ನಷ್ಟವಾದರೆ, ಬೆಲೆಯನ್ನೂ ತೆರಬೇಕು, ಅಷ್ಟೇ ದಂಡವನ್ನೂ ತೆರಬೇಕು. ತನ್ನ ಇಷ್ಟದಂತೆ ಅದನ್ನು ಬಳಸಿ ಜೀವಿಸಿದವನಿಗೂ ದಂಡ ತಪ್ಪದು. ಇಂದ್ರನ ಖಡ್ಗವನ್ನು ಬಳಸಿದ ತಪಸ್ವಿಯು ಈ ಕೊನೆಯ ನಿಯಮವನ್ನೇ ಮೀರಿದವನೆಂದು ಹೇಳಬಹುದು.

ಇಲ್ಲಿ ಒಂದು ಅಂಶವನ್ನು ವಾಚಕರು ಗಮನಿಸಬೇಕು. ಈ ನಿಯಮಗಳಲ್ಲಿ ವಸ್ತುವು ಚಿನ್ನವೋ, ಧಾನ್ಯವೋ, ಕತ್ತಿಯೋ ಎಂಬ ಪ್ರಶ್ನೆ ಮುಖ್ಯವಲ್ಲ. ಹೊಣೆಯು ಇಟ್ಟವನಿಗೂ ಇಟ್ಟುಕೊಂಡವನಿಗೂ ನಡುವಿನದು. 1872ರ ಭಾರತೀಯ ಕರಾರು ಶಾಸನವೂ ಈ ದಾರಿಯನ್ನೇ ಹಿಡಿದಿದೆ. ಪರರ ವಸ್ತುವನ್ನು ಇಟ್ಟುಕೊಂಡವನು, ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಅಂತಹ ವಸ್ತುವನ್ನು ಎಷ್ಟು ಜೋಪಾನವಾಗಿ ನೋಡಿಕೊಳ್ಳುವನೋ ಅಷ್ಟು ಜೋಪಾನವಾಗಿ ನೋಡಿಕೊಳ್ಳಬೇಕೆಂದು ಅದರ 151ನೆಯ ಕಲಮು ಹೇಳುತ್ತದೆ. ಅಷ್ಟು ಜಾಗರೂಕತೆ ವಹಿಸಿದ ಮೇಲೂ ವಸ್ತುವು ಕೆಟ್ಟರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಅವನು ಹೊಣೆಯಲ್ಲವೆಂಬುದು ಮುಂದಿನ ಕಲಮು. ಕಲ್ಯಾಣದ ಪಂಡಿತನಿಗೆ ಇದನ್ನು ಓದಿ ಹೇಳಿದ್ದರೆ ಅವನಿಗೆ ಅಪರಿಚಿತವೆನಿಸುತ್ತಿರಲಿಲ್ಲ.

ಆದರೆ ಕರಾರು ಶಾಸನಕ್ಕೆ ಹದಿನೈದು ವರ್ಷ ಮೊದಲೇ ಆಯುಧದ ಮಟ್ಟಿಗೆ ಬೇರೊಂದು ನ್ಯಾಯವು ಈ ದೇಶದಲ್ಲಿ ಕಾಲಿಟ್ಟಿತ್ತು. 1857ರ ದಂಗೆಯಿಂದ ಬೆದರಿದ ಕಂಪೆನಿ ಸರಕಾರವು ಆ ವರ್ಷವೇ ನಿಶ್ಶಸ್ತ್ರೀಕರಣದ ಶಾಸನವನ್ನು ಮಾಡಿತು. ಪ್ರಜೆಗಳು ತಮ್ಮ ಆಯುಧಗಳನ್ನು ಸರಕಾರಕ್ಕೆ ತೋರಿಸಬೇಕು, ಅಪ್ಪಣೆಯಿಲ್ಲದವುಗಳನ್ನು ಒಪ್ಪಿಸಬೇಕು. ಅಲ್ಲಿಯವರೆಗೆ ಆಯುಧವು ಒಡೆಯನ ಸ್ವತ್ತು. ಅಲ್ಲಿಂದ ಮುಂದೆ ಅದು ಸರಕಾರದ ಅನುಮತಿಯ ಮೇಲೆ ನಿಂತ ಸ್ವತ್ತು.

ಈ ಬದಲಾವಣೆಯ ಅರ್ಥವನ್ನು ಮೊದಲು ಗ್ರಹಿಸಿದವರು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು. ಬೇಟೆಯೂ ಕಾವಲೂ ಅವರ ಕುಲವೃತ್ತಿಗಳು. ಹತಾರವನ್ನು ಒಪ್ಪಿಸುವುದೆಂದರೆ ಅವರಿಗೆ ಕೇವಲ ಒಂದು ಸಾಮಾನನ್ನು ಕೊಟ್ಟಂತಲ್ಲ, ಬಾಳುವೆಯನ್ನೇ ಕೊಟ್ಟಂತೆ. ಅವರು ಒಪ್ಪಲಿಲ್ಲ. 1857ರ ನವೆಂಬರಿನ ಕೊನೆಯಲ್ಲಿ ಸೈನ್ಯವು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಈ ದಂಗೆಯನ್ನು ಹಾಡಿದ ಲಾವಣಿಯನ್ನು ಶಾಸನತಜ್ಞನಾದ ಫ್ಲೀಟನು ಸಂಗ್ರಹಿಸಿ ಪ್ರಕಟಿಸಿದ್ದರಿಂದ ಆ ಕಥೆಯು ಜನರ ಬಾಯಿಂದ ಪುಸ್ತಕಕ್ಕೂ ಬಂದಿತು.

ಮರುವರ್ಷವೇ ಧಾರವಾಡ ಸೀಮೆಯಲ್ಲಿ ಇನ್ನೊಂದು ಘಟನೆ ನಡೆಯಿತು. ಹಮ್ಮಿಗಿಯ ಕೆಂಚನಗೌಡರಲ್ಲಿ ಕೂಡಿಟ್ಟಿದ್ದ ಶಸ್ತ್ರಗಳು 1858ರ ಮೇ ತಿಂಗಳಲ್ಲಿ ಅಧಿಕಾರಿಗಳ ಕಣ್ಣಿಗೆ ಬಿದ್ದುವು. ಮುಂಡರಗಿಯ ಭೀಮರಾಯರು ತಮ್ಮವರೊಡನೆ ಬಂದು ಅವುಗಳನ್ನು ಬಿಡಿಸಿಕೊಂಡು, ಡಂಬಳದ ಖಜಾನೆಯ ಮೇಲೆ ಬಿದ್ದು, ಕೊಪ್ಪಳದ ಕೋಟೆಯನ್ನು ಹಿಡಿದು, ಅಲ್ಲಿಯೇ ಮಡಿದರು. ಕೆಂಚನಗೌಡರೂ ಅವರೊಡನೆ ಪ್ರಾಣವನ್ನಿತ್ತರು. ಕಂಪೆನಿ ಸರಕಾರದ ದೃಷ್ಟಿಯಲ್ಲಿ ಆಯುಧವನ್ನು ಹಿಡಿದವನಿಗೂ ಅದನ್ನು ಮನೆಯಲ್ಲಿಟ್ಟುಕೊಂಡವನಿಗೂ ಇನ್ನು ಭೇದವಿರಲಿಲ್ಲ.

1878ರಲ್ಲಿ ಲಿಟ್ಟನ್ ಪ್ರಭುವಿನ ಕಾಲದಲ್ಲಿ ಈ ತಾತ್ಕಾಲಿಕ ನಿಯಮಗಳು ಭಾರತೀಯ ಶಸ್ತ್ರಶಾಸನವಾಗಿ ಸ್ಥಿರಗೊಂಡುವು. ಪರವಾನಗಿಯಿಲ್ಲದೆ ಬಂದೂಕನ್ನು ವಶದಲ್ಲಿಟ್ಟುಕೊಳ್ಳುವುದು ಅಪರಾಧವಾಯಿತು. ಪರವಾನಗಿಯು ಮುಗಿದರೆ ಅಥವಾ ರದ್ದಾದರೆ ಆಯುಧವನ್ನು ಅನಾವಶ್ಯಕ ವಿಳಂಬವಿಲ್ಲದೆ ಹತ್ತಿರದ ಪೋಲೀಸು ಠಾಣೆಯಲ್ಲಿ ಇರಿಸಬೇಕೆಂದು ಅದರ 16ನೆಯ ಕಲಮು ವಿಧಿಸಿತು. ಹೀಗೆ ಆಯುಧದ ನಿಕ್ಷೇಪಕ್ಕೆ ಸರಕಾರದ ಠಾಣೆಯೇ ಮುಖ್ಯ ಸ್ಥಾನವಾಯಿತು. ಆದರೆ ಯೂರೋಪಿಯನ್ನರಿಗೆ ಇದರ ನಿಯಮಗಳಲ್ಲಿ ವಿನಾಯಿತಿಯಿತ್ತು. ಈ ಪಕ್ಷಪಾತವೇ ದೇಶಾಭಿಮಾನಿಗಳನ್ನು ನೋಯಿಸಿತು. 1887ರಲ್ಲಿ ಮದರಾಸಿನಲ್ಲಿ ಕೂಡಿದ ಕಾಂಗ್ರೆಸ್ಸು ಈ ಶಾಸನದ ಬಗ್ಗೆ ನಿರ್ಣಯವನ್ನು ಮಾಡಿತು. ಅಹಿಂಸೆಯ ಆಚಾರ್ಯರಾದ ಗಾಂಧೀಜಿಯವರೇ 1918ರಲ್ಲಿ, ಇಡೀ ಜನಾಂಗವನ್ನು ನಿಶ್ಶಸ್ತ್ರಗೊಳಿಸಿದ್ದನ್ನು ಬ್ರಿಟಿಷ್ ಆಳಿಕೆಯ ಅತಿ ಕರಾಳ ಕೃತ್ಯಗಳಲ್ಲಿ ಎಣಿಸಿದರು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧವನ್ನು ಇಟ್ಟುಕೊಳ್ಳುವ ಹಕ್ಕೂ ಸೇರಿತು.

ಕನ್ನಡ ಜನರಲ್ಲಿ ಕೊಡಗಿನವರ ಸ್ಥಿತಿ ಬೇರೆಯಾಗಿತ್ತು. 1861ರ ಫೆಬ್ರವರಿ 26ರಂದು ಕಮಿಷನರ್ ಮಾರ್ಕ್ ಕಬ್ಬನ್ ಅವರು ಕೊಡವರನ್ನು ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟರು. ಕೈಲ್ ಮುಹೂರ್ತದಂದು ಐನ್‌ಮನೆಯಲ್ಲಿ ಕೋವಿಗಳನ್ನಿರಿಸಿ ಹೂವಿನಿಂದ ಪೂಜಿಸುವ ಜನರಿಗೆ ಕೋವಿಯು ಕುಲದ ಸ್ವತ್ತು. ಸ್ವತಂತ್ರ ಭಾರತವೂ ಈ ವಿನಾಯಿತಿಯನ್ನು ಉಳಿಸಿಕೊಂಡಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸಲ್ಲುವ ಅದನ್ನು 2029ರ ಅಕ್ಟೋಬರ್ 31ರ ತನಕ ವಿಸ್ತರಿಸಲಾಗಿದೆ. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿ ಇರುವುದು ಕೋವಿಗಲ್ಲ, ಮನುಷ್ಯನಿಗೆ. ಆ ಕೋವಿಯು ವಿನಾಯಿತಿಯಿಲ್ಲದ ನೆರೆಯವನ ಮನೆಯನ್ನು ಸೇರಿದೊಡನೆ ಸಾಮಾನ್ಯ ಕಾನೂನು ಅದರ ಹಿಂದೆಯೇ ಹೊಸ್ತಿಲನ್ನು ದಾಟುತ್ತದೆ.

ರಾಜ್ಯಾಂಗವನ್ನು ರಚಿಸುವಾಗ ಕರಾಚಿಯ ಮಾತು ಮತ್ತೆ ಎದ್ದಿತು. ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು 1948ರ ಡಿಸೆಂಬರಿನಲ್ಲಿ, ಆಯುಧವನ್ನು ಇಟ್ಟುಕೊಳ್ಳುವ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ತಿದ್ದುಪಡಿಯನ್ನು ಸೂಚಿಸಿದರು. ಎಲ್ಲರಿಗೂ ಈ ಹಕ್ಕನ್ನು ಕೊಟ್ಟರೆ ಅಪರಾಧವನ್ನೇ ಕಸುಬಾಗಿಸಿಕೊಂಡವರಿಗೂ ಕೊಟ್ಟಂತಾಗುವುದೆಂಬುದು ಡಾಕ್ಟರ್ ಅಂಬೇಡ್ಕರರ ಸಮಾಧಾನ. ತಿದ್ದುಪಡಿಯು ಬಿದ್ದುಹೋಯಿತು. ಶಸ್ತ್ರಾಸ್ತ್ರಗಳ ವಿಷಯವು ಕೇಂದ್ರದ ಪಟ್ಟಿಯನ್ನು ಸೇರಿತು. 1956ರಲ್ಲಿ ರಾಜ್ಯಗಳ ಎಲ್ಲೆಗಳು ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿ ಸೊಲ್ಲಾಪುರ ಬೊಂಬಾಯಿಯಲ್ಲೇ ಉಳಿದ ಮೇಲೂ, ಶಾಲೆಯ ಭಾಷೆ, ಕಚೇರಿಯ ಭಾಷೆಗಳ ಪ್ರಶ್ನೆ ಊರೂರಿಗೆ ಬೇರೆಯಾದರೂ, ಕೋವಿಯ ಕಾನೂನು ಎಲ್ಲೆಡೆ ಒಂದೇ ಆಗಿ ಉಳಿದಿರುವುದು ಇದರಿಂದಲೇ.

ಈಗ ಜಾರಿಯಲ್ಲಿರುವುದು 1959ರ ಶಸ್ತ್ರಶಾಸನ. 1962ರ ಅಕ್ಟೋಬರ್ 1ರಂದು ಅದು ಆಚರಣೆಗೆ ಬಂದಿತು. ಮಾಷ್ಟ್ರ ಪ್ರಶ್ನೆಗೆ ಉತ್ತರವು ಅದರ ಮೂರನೆಯ ಕಲಮಿನಲ್ಲಿದೆ. ಪರವಾನಗಿಯಿಲ್ಲದ ಯಾವನೂ ಬಂದೂಕನ್ನು ಪಡೆಯಬಾರದು, ವಶದಲ್ಲಿಟ್ಟುಕೊಳ್ಳಬಾರದು, ಒಯ್ಯಬಾರದು. ಇದಕ್ಕೆ ಒಂದು ಅಪವಾದವುಂಟು. ಪರವಾನಗಿದಾರನ ಎದುರಿನಲ್ಲಿ ಅಥವಾ ಅವನ ಲಿಖಿತ ಅಧಿಕಾರದ ಮೇಲೆ, ದುರಸ್ತಿಗಾಗಿಯೋ, ಪರವಾನಗಿಯನ್ನು ಹೊಸದು ಮಾಡಿಸಲೋ, ಅವನದೇ ಉಪಯೋಗಕ್ಕಾಗಿಯೋ ಇನ್ನೊಬ್ಬನು ಅದನ್ನು ಒಯ್ಯಬಹುದು. ಒಯ್ಯಬಹುದೆಂದು ಹೇಳಿದೆಯೇ ಹೊರತು ತಿಂಗಳುಗಟ್ಟಲೆ ಕಪಾಟಿನಲ್ಲಿ ಇಡಬಹುದೆಂದು ಹೇಳಿಲ್ಲ. ಕೊಟ್ಟವನ ಪರವಾನಗಿಯು ಇಟ್ಟುಕೊಂಡವನನ್ನು ಕಾಯುವುದಿಲ್ಲ. ತೆಗೆದುಕೊಳ್ಳುವವನಿಗೆ ಹಕ್ಕಿದೆಯೇ ಎಂದು ವಿಚಾರಿಸದೆ ಬಂದೂಕನ್ನು ಒಪ್ಪಿಸಿದವನಿಗೂ 29ನೆಯ ಕಲಮಿನಲ್ಲಿ ಶಿಕ್ಷೆಯಿದೆ. ಹೀಗಾಗಿ ಒಂದು ಸ್ನೇಹದ ಕಾರ್ಯವು ಇಬ್ಬರನ್ನೂ ಏಕಕಾಲದಲ್ಲಿ ಅಪರಾಧಿಗಳನ್ನಾಗಿ ಮಾಡಬಲ್ಲುದು. ಪರವಾನಗಿಯಿಲ್ಲದ ವಶಕ್ಕೆ ಮೊದಲು ಮೂರು ವರ್ಷಗಳವರೆಗಿನ ಸೆರೆಯಿತ್ತು. 1983ರ ತಿದ್ದುಪಡಿಯು ಕನಿಷ್ಠ ಒಂದು ವರ್ಷವೆಂದು ಗೊತ್ತುಮಾಡಿತು. 2019ರ ತಿದ್ದುಪಡಿಯು ಅದನ್ನು ಕನಿಷ್ಠ ಎರಡು, ಗರಿಷ್ಠ ಐದು ವರ್ಷಗಳಿಗೆ ಏರಿಸಿತು.

ಹಾಗಾದರೆ 'ವಶ'ವೆಂದರೇನು? ನ್ಯಾಯಾಲಯಗಳು ಈ ಒಂದು ಪದವನ್ನು ಬಹಳ ಕಾಲ ತೂಗಿವೆ. 1972ರಲ್ಲಿ ಮಧ್ಯಪ್ರದೇಶದಿಂದ ಬಂದ ಮೊಕದ್ದಮೆಯೊಂದರಲ್ಲಿ ರಿವಾಲ್ವರು ಸಿಕ್ಕಿದ್ದು ಆರೋಪಿಯ ಕೈಯಲ್ಲಲ್ಲ, ಬೇರೊಬ್ಬನ ಬಳಿಯಲ್ಲಿ. ವಶವು ಕೇವಲ ಕೈಯಲ್ಲಿರುವುದಲ್ಲ. ವಸ್ತುವು ಇನ್ನೊಬ್ಬನ ಬಳಿ ಇದ್ದರೂ ಅದರ ಮೇಲಣ ಅಧಿಕಾರವೂ ಹತೋಟಿಯೂ ತನ್ನದಾಗಿದ್ದರೆ ಅದೂ ವಶವೇ ಎಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಆದರೆ ಎರಡು ಬಗೆಯ ವಶಕ್ಕೂ ಅರಿವು ಬೇಕು. 1994ರಲ್ಲಿ, ಮುಂಬಯಿಯ ಸ್ಫೋಟಗಳ ಮೊಕದ್ದಮೆಯಿಂದ ಎದ್ದ ಪ್ರಶ್ನೆಯಲ್ಲಿ, ಅದೇ ನ್ಯಾಯಾಲಯದ ಸಂವಿಧಾನ ಪೀಠವೂ ಅರಿವಿನಿಂದ ಕೂಡಿದ ವಶವೇ ವಶವೆಂದು ಹೇಳಿತು. ಇಲ್ಲಿ ನಮಗೆ ಉಪನಿಧಿಯ ಮುದ್ರೆಯೊತ್ತಿದ ಪೆಟ್ಟಿಗೆ ನೆನಪಾಗದಿರದು. ಒಳಗೇನಿದೆಯೆಂದು ಅರಿಯದೆ ಪೆಟ್ಟಿಗೆಯನ್ನು ಇಟ್ಟುಕೊಂಡವನು ಬೇರೆ. ಅರಿತು ಇಟ್ಟುಕೊಂಡವನು ಬೇರೆ. ಒಂದೇ ಮನೆಯಲ್ಲಿ ಹಲವರು ವಾಸಿಸುತ್ತಿದ್ದರೆ, ಆಯುಧವಿರುವುದು ತಿಳಿದಿತ್ತೆಂದು ನಂಬಲು ಕಾರಣವಿರುವ ಪ್ರತಿಯೊಬ್ಬರನ್ನೂ, ಅವರು ಅನ್ಯಥಾ ಸಾಧಿಸುವ ತನಕ, ಹೊಣೆಗಾರರೆಂದು 35ನೆಯ ಕಲಮು ಎಣಿಸುತ್ತದೆ. ಮಾಷ್ಟ್ರು ಹೂಂ ಎಂದಿದ್ದರೆ ಅವರ ಮನೆಯವರೂ ಆ ಹೊಣೆಯ ನೆರಳಿಗೆ ಬರುತ್ತಿದ್ದರು.

ಇನ್ನೊಂದು ಸಂದರ್ಭವು ಇದಕ್ಕಿಂತ ಕರುಣಾಜನಕವಾದದ್ದು. ಪರವಾನಗಿದಾರನು ತೀರಿಕೊಂಡ ಮನೆಯಲ್ಲಿ ಕೋವಿಯು ಗೋಡೆಯ ಮೇಲೆಯೇ ಉಳಿಯುತ್ತದೆ. ದುಃಖದಲ್ಲಿ ಮುಳುಗಿದವರಿಗೆ ಅದರ ನೆನಪಾದರೂ ಹೇಗೆ ಬಂದೀತು? ಆದರೆ ಕಾನೂನು 21ನೆಯ ಕಲಮಿನಲ್ಲಿ, ಯಾವ ಕಾರಣದಿಂದಲಾದರೂ ವಶವು ಸಕ್ರಮವಲ್ಲದಾದರೆ, ವಿಳಂಬವಿಲ್ಲದೆ ಆಯುಧವನ್ನು ಠಾಣೆಯಲ್ಲಾಗಲಿ, ಪರವಾನಗಿಯುಳ್ಳ ವ್ಯಾಪಾರಿಯಲ್ಲಾಗಲಿ, ಸೈನಿಕನಾದರೆ ತನ್ನ ದಳದ ಆಯುಧಾಗಾರದಲ್ಲಾಗಲಿ ಇರಿಸಬೇಕೆನ್ನುತ್ತದೆ. ಹಾಗೆ ಇರಿಸಿದ್ದರಿಂದ ಒಡೆತನವು ಹೋಗುವುದಿಲ್ಲ. ಇರಿಸಿದವನಾಗಲಿ, ಅವನು ಸತ್ತರೆ ವಾರಸುದಾರನಾಗಲಿ, ನಿಯಮಿತ ಅವಧಿಯೊಳಗೆ ಹಕ್ಕನ್ನು ಪಡೆದು ಹಿಂದಕ್ಕೆ ತರಬಹುದು, ಇಲ್ಲವೆ ಹಕ್ಕುಳ್ಳವರಿಗೆ ಮಾರಬಹುದು. ಅವಧಿಯು ಮೀರಿದರೆ ಮಾತ್ರ, ನೋಟೀಸು ಕೊಟ್ಟು, ಸರಕಾರವು ಮುಟ್ಟುಗೋಲು ಹಾಕಿಕೊಳ್ಳಬಹುದು.

ಇಲ್ಲಿಗೆ ಪ್ರಜೆಯ ಹೊಣೆಯು ಮುಗಿದು ಸರಕಾರದ ಹೊಣೆಯು ಮೊದಲಾಗುತ್ತದೆ. ಠಾಣೆಯಲ್ಲಿಟ್ಟ ವಸ್ತು ಕಳೆದುಹೋದರೆ ಯಾರು ತೆರಬೇಕು? 1947ರಲ್ಲಿ ಮೀರತ್ತಿನ ಠಾಣೆಯ ಉಗ್ರಾಣದಲ್ಲಿರಿಸಿದ್ದ ಒಬ್ಬ ವ್ಯಾಪಾರಿಯ ಚಿನ್ನವನ್ನು ಅಲ್ಲಿಯ ಹೆಡ್ ಕಾನ್‌ಸ್ಟೇಬಲನೇ ಅಪಹರಿಸಿ ಪಾಕಿಸ್ತಾನಕ್ಕೆ ಓಡಿಹೋದನು. ಪೋಲೀಸರ ಅಧಿಕಾರವು ರಾಜಾಧಿಕಾರವಾದ್ದರಿಂದ ಸರಕಾರವು ನಷ್ಟವನ್ನು ತುಂಬಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1965ರಲ್ಲಿ ಹೇಳಿತು. ಆದರೆ ಎರಡೇ ವರ್ಷಗಳಲ್ಲಿ, ಜುನಾಗಢದಲ್ಲಿ ಸುಂಕದ ಅಧಿಕಾರಿಗಳು ಹಿಡಿದ ವಾಹನಗಳ ಮೊಕದ್ದಮೆಯಲ್ಲಿ, ಹಿಡಿದಿಟ್ಟ ಸ್ವತ್ತನ್ನು ಹಿಂದಿರುಗಿಸಬೇಕಾಗಿ ಬರಬಹುದಾದ್ದರಿಂದ ಅದನ್ನು ಕಾಪಾಡುವ ಹೊಣೆ ಸರಕಾರಕ್ಕಿದೆಯೆಂದು ಅದೇ ನ್ಯಾಯಾಲಯವು ತೀರ್ಮಾನಿಸಿತು. 1977ರಲ್ಲಿ ಕನ್ನಡನಾಡಿನ ಹೆಣ್ಣುಮಗಳೊಬ್ಬಳ ಮೊಕದ್ದಮೆಯು ತೀರ್ಮಾನವಾಯಿತು. ಅವಳ ಮನೆಯಿಂದ ಕಳುವಾದ ಒಡವೆಗಳನ್ನು ಪೋಲೀಸರು ಪತ್ತೆಹಚ್ಚಿ ಠಾಣೆಯಲ್ಲಿಟ್ಟರು. ಅಲ್ಲಿಂದ ಅವು ಮತ್ತೆ ಮಾಯವಾದುವು. ಸರಿಯಾದ ಎಚ್ಚರವನ್ನು ವಹಿಸಿದ್ದೆವೆಂದು ಸರಕಾರವು ತೋರಿಸಲಾರದೆ ಹೋದಾಗ, ಅವಳಿಗೆ 10,000 ರೂಪಾಯಿಗಳನ್ನು ಕೊಡಬೇಕೆಂದು ಆಜ್ಞೆಯಾಯಿತು. ಇವು ಕೋವಿಯ ಮೊಕದ್ದಮೆಗಳಲ್ಲ, ನಿಜ. ಆದರೆ ಠಾಣೆಯ ಕಪಾಟಿನಲ್ಲಿರುವ ಕೋವಿಗೂ ಒಡವೆಗೂ ಈ ವಿಷಯದಲ್ಲಿ ಭೇದವೇಕಿರಬೇಕು?

ಚುನಾವಣೆಯು ಬಂದಾಗ ಈ ಪ್ರಶ್ನೆಯು ಊರೂರಿನದಾಗುತ್ತದೆ. ಕಾಸರಗೋಡು, ದಕ್ಷಿಣ ಕನ್ನಡ, ಕೊಡಗುಗಳ ಕೃಷಿಕರು ಮಂಗಗಳಿಂದಲೂ ಕಾಡುಹಂದಿಗಳಿಂದಲೂ ಬೆಳೆಯನ್ನು ಕಾಯಲು ಇಟ್ಟ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಆಜ್ಞೆ ಬರುತ್ತದೆ. ಶಾಂತಿಯುತವಾದ ಮತದಾನಕ್ಕೆ ಇದು ಅಗತ್ಯವೆಂಬುದು ಅಧಿಕಾರಿಗಳ ಪಕ್ಷ. ಒಬ್ಬೊಬ್ಬನ ಸಂಗತಿಯನ್ನು ಪರಿಶೀಲಿಸದೆ ಎಲ್ಲರಿಗೂ ಒಂದೇ ಆಜ್ಞೆಯನ್ನು ಹೊರಡಿಸಬಾರದೆಂದು ಹಲವು ಉಚ್ಚ ನ್ಯಾಯಾಲಯಗಳು ಹೇಳಿವೆ. ಅದಕ್ಕಾಗಿ ಪರಿಶೀಲನ ಸಮಿತಿಗಳೂ ಏರ್ಪಟ್ಟಿವೆ. ಏನೇ ಇರಲಿ, ಒಪ್ಪಿಸುವವನು ಕೋವಿಯ ಅಂಕಿಯನ್ನೂ ಸ್ಥಿತಿಯನ್ನೂ ತೋಟೆಗಳ ಸಂಖ್ಯೆಯನ್ನೂ ಬರೆಯಿಸಿ ರಶೀದಿಯನ್ನು ಪಡೆಯಬೇಕು. ತೋರಿಸಿ ಎಣಿಸಿ ಕೊಟ್ಟದ್ದೇ ನಿಕ್ಷೇಪವೆಂದು ಶಾಸ್ತ್ರಕಾರರು ಹೇಳಿದ್ದು ಸುಮ್ಮನೆ ಅಲ್ಲ.

ಹಲಗಲಿಯ ಬೇಡರು ಕೊಡಲೊಲ್ಲದೆ ಸತ್ತರು. ಇಂದಿನ ಕೃಷಿಕರು ಕೊಟ್ಟು ರಶೀದಿಯೊಡನೆ ಮನೆಗೆ ಮರಳುತ್ತಾರೆ. ಈ ಎರಡರ ನಡುವಣ ಅಂತರವೇ ನಾವು ಗಳಿಸಿದ ಸ್ವಾತಂತ್ರ್ಯದ ಒಂದು ಅಳತೆ. ಅಂದು ತೆಗೆದುಕೊಂಡವನು ಹಿಂದಕ್ಕೆ ಕೊಡುವನೆಂಬ ನಂಬಿಕೆಯಿರಲಿಲ್ಲ. ಇಂದು ಆ ನಂಬಿಕೆಗೆ ಕಾನೂನಿನ ಆಧಾರವಿದೆ. ಆಯುಧವನ್ನು ಮನಬಂದಂತೆ ಇಟ್ಟುಕೊಳ್ಳಬೇಡವೆಂದು ಪ್ರಜೆಗೆ ಹೇಳುವ ಸರಕಾರವು, ತಾನು ಇಟ್ಟುಕೊಂಡದ್ದನ್ನು ಹಾಗೆಯೇ ಹಿಂದಿರುಗಿಸಬೇಕು. ಒಂದು ಮಾತು ಇನ್ನೊಂದಕ್ಕೆ ಜಾಮೀನು.

ನಮ್ಮ ಮಾಷ್ಟ್ರು ಅಂದು ಏನು ಮಾಡಿದರು? ನೆರೆಯವರಿಗೆ ಬೆಲ್ಲ ನೀರು ಕೊಟ್ಟು ಕೂರಿಸಿ, "ಅಣ್ಣಾ, ನಿಮ್ಮ ಹಸುವನ್ನು ಕಟ್ಟಿಕೊಳ್ಳುತ್ತೇನೆ, ಮನೆಯ ಬೀಗದ ಕೈಯನ್ನೂ ಇಟ್ಟುಕೊಳ್ಳುತ್ತೇನೆ, ಇದೊಂದನ್ನು ಮಾತ್ರ ಇಟ್ಟುಕೊಳ್ಳಲಾರೆ" ಎಂದರು. ಮರುದಿನ ಬೆಳಿಗ್ಗೆ ಇಬ್ಬರೂ ಕೂಡಿ ಠಾಣೆಗೆ ಹೋದರು. ಕೋವಿಯು ಅಲ್ಲಿ ಉಳಿಯಿತು. ರಶೀದಿಯು ಕೃಷಿಕರ ಕಿಸೆಯನ್ನು ಸೇರಿತು. ಹಸು ಮಾಷ್ಟ್ರ ಹಟ್ಟಿಗೆ ಬಂದಿತು. ಸ್ನೇಹಕ್ಕೆ ಕುಂದೇನೂ ಬರಲಿಲ್ಲ.

ಇಂದ್ರನ ಕೈಯಿಂದ ಖಡ್ಗವನ್ನು ತೆಗೆದುಕೊಳ್ಳುವ ಮೊದಲು ಆ ತಪಸ್ವಿಯೂ ಇಂತಹುದೊಂದು ಮಾತನ್ನು ಆಡಿದ್ದರೆ ಅವನ ತಪಸ್ಸು ಉಳಿಯುತ್ತಿತ್ತು.